ಮೇಲಿನ ಕೋಣೆಯವನು

"ಗುರುಗಳೇ, ಒಮ್ಮೆ ಸುಖವಾಗಿದ್ದ ಊರಿಗೆ ಮತ್ತೊಮ್ಮೆ ಹೋಗುವುದು ತಪ್ಪೇ?" ಎಂದು ಅಡಿವೆಯ್ಯ ಕೇಳಿದ.

ಮಠ ಸೇರುವ ಮುನ್ನ ಅವನು ಕಡಲಾಚೆಯ ಒಂದು ನಗರದಲ್ಲಿ ಕೆಲವು ಕಾಲ ಇದ್ದವನು. ಪೂಜೆಗೆ ಕುಳಿತರೂ ಆ ಬೀದಿಗಳೇ ಕಣ್ಣಿಗೆ ಕಟ್ಟುತ್ತಿದ್ದವು. ಕಡಲ ಗಾಳಿ ಹಡಗಿಗೆ ಅನುಕೂಲವಾಗಿ ತಿರುಗಿದೊಡನೆ ಹೊರಡಬೇಕೆಂದು ದಾರಿಯ ಬುತ್ತಿಯನ್ನೂ ಯೋಚಿಸಿಟ್ಟಿದ್ದ. ಗುರುಗಳ ಅಪ್ಪಣೆಯೊಂದೇ ಬಾಕಿ ಇತ್ತು.

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದುಬಿಟ್ಟರೆ ನನ್ನ ಕೆಲಸ ಸುಲಭ" ಎಂದರು ಗುರುಗಳು. "ಆದರೆ ಕೆಲವು ಬೆಟ್ಟ ಹತ್ತಿರ ಹೋದರೂ ನುಣ್ಣಗೇ ಇರುತ್ತವೆ. ಕೇಳು."

ಒಬ್ಬ ವ್ಯಾಪಾರಿ ಇದ್ದ. ಪ್ರಾಯದಲ್ಲಿ ಮೆಣಸಿನ ಮೂಟೆ ಹೇರಿಕೊಂಡು ಕಡಲಾಚೆಯ ನಗರಕ್ಕೆ ಹೋದ. ಮಾಲು ಬೇಗ ಮಾರಿಹೋಯಿತು. ಹಿಂತಿರುಗುವ ಗಾಳಿಗೆ ಕಾಯುತ್ತ ಒಂದು ಬಿಡಾರದ ಮೇಲಿನ ಕೋಣೆಯಲ್ಲಿ ಉಳಿದ. ಕಿಟಕಿ ತೆರೆದರೆ ಬಂದರು, ಕೆಳಗೆ ಬೀದಿಯಲ್ಲಿ ರೊಟ್ಟಿಯ ಒಲೆ. ಏನು, ಏಕೆ ಎಂದು ಅವನನ್ನು ಕೇಳುವವರೇ ಅಲ್ಲಿರಲಿಲ್ಲ. ಬದುಕಿನಲ್ಲಿ ಅಷ್ಟು ಹಗುರಾಗಿ ಅವನು ಎಂದೂ ಇದ್ದಿರಲಿಲ್ಲ. ಗಾಳಿ ತಿರುಗಿತು. ಹಡಗು ಹತ್ತಿ ಊರಿಗೆ ಬಂದ.

ಬಂದ ದಿನದಿಂದಲೇ ಮತ್ತೆ ಹೋಗುವ ಯೋಚನೆ ಶುರುವಾಯಿತು. ಯಾವ ಹಡಗು, ಯಾವ ತಿಂಗಳು, ಇಳಿದ ಕೂಡಲೇ ಯಾವ ಬೀದಿಗೆ ಹೋಗಬೇಕು, ಇದೇ ಧ್ಯಾನ. ಹೆಂಡತಿ ಮಾತಾಡಿದರೆ ಹೂಂಗುಟ್ಟುತ್ತಿದ್ದ. ಗೋಡೆ ಹಿಡಿದು ನಿಲ್ಲುತ್ತಿದ್ದ ಮಗಳು ನಡೆದಳು, ಓಡಿದಳು, ಬೆಳೆದು ನಿಂತಳು. ಮನೆಯಲ್ಲಿ ಉಣ್ಣಲು ಉಡಲು ಕೊರತೆ ಇರಲಿಲ್ಲ. ಆದರೂ ಕೆಲವೊಮ್ಮೆ ಅವನು ನಡುಮನೆಯಲ್ಲಿ ಕುಳಿತಿರುವಾಗಲೇ ಹೆಂಡತಿ ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಹೊರಗಿನಿಂದ ಚಿಲಕ ಹಾಕಿ ನೀರಿಗೆ ಹೋಗಿಬಿಡುತ್ತಿದ್ದಳು.

ಮಗಳ ಮದುವೆ ಗೊತ್ತಾಯಿತು. ಅದೇ ವರ್ಷ ಅವನಿಗೆ ಹಡಗೂ ಒದಗಿಬಂತು.

"ಧಾರೆ ಎರೆಯೋರು ಯಾರು? ಮದುವೆ ಮುಗಿಸಿ ಹೋಗಬಾರದೇ?" ಎಂದಳು ಹೆಂಡತಿ.

"ಲಗ್ನಕ್ಕೆ ಮುಂಚೆ ಬಂದುಬಿಡುತ್ತೇನೆ" ಎಂದು ಹೊರಟೇಬಿಟ್ಟ.

ನಗರ ಇದ್ದ ಹಾಗೇ ಇತ್ತು. ರೊಟ್ಟಿಯ ಒಲೆ ಅಲ್ಲೇ ಉರಿಯುತ್ತಿತ್ತು. ವ್ಯಾಪಾರಿಗೆ ಕಣ್ಣು ತುಂಬಿ ಬಂತು. ಬಿಡಾರದ ಬಾಗಿಲಲ್ಲಿ ಅದರ ಒಡತಿ, ಈಗ ಹಣ್ಣು ಮುದುಕಿ, ಕುಳಿತಿದ್ದಳು. ಅವನನ್ನು ಕಂಡು ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಯಾವಾಗ ಕೆಳಗಿಳಿದಿರಿ? ಈಗ ತಾನೇ ಮೇಲೆ ನಿಮಗೆ ಬಡಿಸಿ ಬಂದೆ."

"ಅಜ್ಜಿ, ನಾನು ಊರಿಗೆ ಹೋಗಿ ಎಷ್ಟೋ ವರ್ಷವಾಯಿತು. ಹಡಗಿನ ತನಕ ನೀವೇ ಬಂದಿದ್ದಿರಿ."

"ಬಂದಿದ್ದೆ. ನಿಮ್ಮ ಗಂಟುಮೂಟೆ ಹೋಯಿತು. ನೀವು ಸಂಜೆ ಊಟಕ್ಕೆ ಬಂದಿರಿ."

ವ್ಯಾಪಾರಿ ನಗಲು ನೋಡಿದ, ನಗು ಬರಲಿಲ್ಲ. ಮಾಳಿಗೆಯಲ್ಲಿ ಯಾರೋ ಓಡಾಡುವ ಸದ್ದಾಯಿತು. ಆ ನಡಿಗೆ ಅವನಿಗೆ ಗುರುತಿತ್ತು. ಮೆಟ್ಟಿಲು ಹತ್ತಿದ.

ಕೋಣೆಯಲ್ಲಿ ಅವನೇ ಕುಳಿತಿದ್ದ. ಅದೇ ಮುಖ, ಅದೇ ನರೆತ ಮೀಸೆ. ಬಟ್ಟೆಬರೆಯನ್ನು ಗಂಟು ಕಟ್ಟುತ್ತಿದ್ದವನು ತಲೆಯೆತ್ತಿ ನೋಡಿದ.

"ಊರಿಂದ ಬಂದೆಯಾ?" ಎಂದು ಆಸೆಯಿಂದ ಕೇಳಿದ. "ಮಗಳು ನಕ್ಕರೆ ಯಾರ ಹಾಗೆ ಕಾಣುತ್ತಾಳೆ?"

ವ್ಯಾಪಾರಿ ಬಾಯಿ ತೆರೆದ. ಅವಳ ಹೆಸರು ನೆನಪಿತ್ತು, ಮುಖ ಬರಲಿಲ್ಲ. ಕಣ್ಣು ಮುಚ್ಚಿ ಹುಡುಕಿದ. ಒಳಗೆ ಈ ಕಿಟಕಿ, ಈ ಬಂದರು, ಈ ಬೀದಿಗಳೇ ಇದ್ದವು. ಅಂಥ ಭಯವನ್ನು ಅವನು ಕಡಲಿನ ಬಿರುಗಾಳಿಯಲ್ಲೂ ಪಟ್ಟಿರಲಿಲ್ಲ.

"ಹಾಗಾದರೆ ನಾನೇ ಹೋಗಿ ನೋಡುತ್ತೇನೆ" ಎಂದ ಇನ್ನೊಬ್ಬ. ಸಿಟ್ಟಿನಿಂದ ಹೇಳಲಿಲ್ಲ. ಗಂಟನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದ.

ತಡೆಯಬೇಕೆಂದು ವ್ಯಾಪಾರಿ ಹಿಂದೆ ಹೋಗಲು ನೋಡಿದ, ಕಾಲು ಹೊಸ್ತಿಲು ದಾಟಲಿಲ್ಲ. ಕಿಟಕಿಯಿಂದ ಕೂಗಿದ. ಕೆಳಗಿದ್ದ ಮುದುಕಿ ತಲೆ ಎತ್ತಲಿಲ್ಲ. ಅವನು ನೋಡುತ್ತಿದ್ದಂತೆ ಹಡಗು ಬಂದರು ಬಿಟ್ಟಿತು.

ಇತ್ತ ಊರಿನಲ್ಲಿ, ಲಗ್ನದ ಹಿಂದಿನ ದಿನ ಯಾರೋ ಬಾಗಿಲು ತಟ್ಟಿದರು. ಹೆಂಡತಿ ತೆರೆದು, ಬಂದವನ ಮುಖವನ್ನೇ ನೋಡುತ್ತ ನಿಂತಳು. ಗಂಡ ಮನೆ ಬಿಟ್ಟು ಕೆಲವು ತಿಂಗಳಾಗಿತ್ತು, ಅಷ್ಟೇ. ಆದರೂ ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಎಷ್ಟು ವರ್ಷ ಆಯ್ತು ನಿಮ್ಮನ್ನ ನೋಡಿ" ಎಂದಳು.

ಮರುದಿನ ಧಾರೆ ಎರೆದವನು ಅವನೇ. ಗಂಡನ ಮನೆಗೆ ಹೊರಟ ಮಗಳು ಅವನ ಕೈ ಬಿಡಲೊಲ್ಲದೆ ಅತ್ತಳು. ಬಂದ ನೆಂಟರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಯ್ಯ ಮುಂದಕ್ಕೆ ಸರಿದು ಕುಳಿತ.

"ಆ ಕಿಟಕಿಯಲ್ಲಿ ಉಳಿದವನ ಗತಿ?"

"ಅಲ್ಲೇ ಇದ್ದಾನೆ. ಊರಿಗೆ ಹೋಗುವ ಹಡಗು ಯಾವಾಗ ಎಂದು ಕೇಳುತ್ತಲೇ ಇರುತ್ತಾನೆ. ಯಾರಿಗೂ ಕೇಳಿಸುವುದಿಲ್ಲ."

ಅಡಿವೆಯ್ಯ ಮಠಕ್ಕೆ ಬಂದು ವರ್ಷಗಳೇ ಕಳೆದಿದ್ದವು, ಆದರೂ ಮನಸ್ಸು ಇನ್ನೂ ಆ ಬೀದಿಗಳಲ್ಲೇ ಇತ್ತು. "ಹಾಗಾದರೆ ನಾನು ಹೋಗಲೋ, ಬೇಡವೋ?" ಎಂದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಹೋಗುವೆಯಂತೆ ಮಗು, ಮೊದಲು ಇಲ್ಲಿಗೆ ಬಾ."