ಕಂಬಳಿ ಹೊದೆಯುವ ಬಗೆ

“ಮಾರ್ಕೆಟಿಂಗ್ ಓದಿದವನ ಕೆಲಸ ಯಾವುದು ಬುದ್ಧೀ? ಅವನು ಎಲ್ಲಿಯವರೆಗೆ ಏರಬಹುದು?”

ಮಠದ ಗುರುಗಳನ್ನು ಕೇಳಿದವನು ಮರುಳಸಿದ್ಧ. ಅದೇ ಮಠದಲ್ಲಿ ಅಡುಗೆಯ ಹಾಲಮ್ಮನ ಕೈತುತ್ತು ಉಂಡು ಪದವಿ ಪಡೆದವನು. ಗ್ರೈಂಡರ್ ಕಂಪನಿ ಸೇರಿ ವರ್ಷವಾಗಿತ್ತು. ‘ನೂರು ಜನರ ಹಿಟ್ಟು ಅರ್ಧ ಗಂಟೆಯಲ್ಲಿ’ ಎಂದು ಹೇಳಿ ಹಾಲಮ್ಮನ ಅಡುಗೆಮನೆಗೂ ಒಂದನ್ನು ಮಾರಿದ್ದ. ಈಗ ಕಂಪನಿ ಹೊಸ ಆಜ್ಞೆ ಹೊರಡಿಸಿತ್ತು: ಆರು ತಿಂಗಳ ಕಾಲ, ಗ್ರೈಂಡರ್ ಕೊಂಡವರ ಮನೆಮನೆಗೆ ಹೋಗಿ, ತಾನೇ ಹಿಟ್ಟು ರುಬ್ಬಿ ನೋಡಿ, ಅವರು ಹೇಳಿದ್ದನ್ನು ಬರೆದು ತರಬೇಕು. ಜೊತೆಗೆ ಓದಿದವರೆಲ್ಲ ಮ್ಯಾನೇಜರ್ ಆಗಿರುವಾಗ ತಾನು ಕಂಡವರ ಮನೆಯಲ್ಲಿ ಅಕ್ಕಿ ರುಬ್ಬುವುದೇ? ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಗುರುಗಳು ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಅವನ ಬಳಿ ಒಬ್ಬ ಯುವಕ ಕೆಲಸಕ್ಕೆ ಸೇರಿದ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಲ್ಲ ಇವನಿಗೆ ಮೈ ಬಗ್ಗಿಸುವ ಕೆಲಸವೂ ಬೇಡವಾಗಿತ್ತು. ವ್ಯಾಪಾರಿಯ ಮನೆಯಲ್ಲಿ ಒಂದು ಪದ್ಧತಿ. ಹೊಸಬನಾದವನು ಒಂದು ಮಳೆಗಾಲ ಕಂಬಳಿ ಹೊದ್ದು ಕುರಿಗಾರರ ಜೊತೆ ತಿರುಗಬೇಕು. ಸಂತೆ ಆಮೇಲೆ.

“ಮಾರುವವನಿಗೆ ಕುರಿ ಯಾಕೆ?” ಎಂದು ಯುವಕ ಮೂಗು ಮುರಿದ. ವ್ಯಾಪಾರಿಗೂ ಅವಸರವಿತ್ತು. ಅವನನ್ನು ನೇರವಾಗಿ ಸಂತೆಗೆ ಕಳಿಸಿದ.

ಹುಣಸೆಬೀಜದ ಗಂಜಿ ಹಚ್ಚಿದ ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿರುತ್ತದೆ. ನೇಯ್ಗೆ ಬಿಗಿಯೋ ಸಡಿಲವೋ ಮುಟ್ಟಿದರೆ ತಿಳಿಯದು. ಮಳೆಗೆ ಗಂಜಿ ತೊಳೆದುಹೋದ ಮೇಲೆಯೇ ತಿಳಿಯಬೇಕು. ಯುವಕ ಸಂತೆಯಲ್ಲಿ ಒಂದನ್ನು ನೆಟ್ಟಗೆ ನಿಲ್ಲಿಸಿ, “ಒಂದು ಹನಿ ಒಳಗೆ ಬಂದರೆ ನನ್ನನ್ನು ಕೇಳಿ” ಎಂದು ಕೂಗಿದ. ಸಂಜೆಯೊಳಗೆ ಎಲ್ಲವೂ ಖಾಲಿ.

ಆಷಾಢದ ಒಂದು ಮಧ್ಯಾಹ್ನ ಅವನು ಬಟ್ಟಬಯಲಿನಲ್ಲಿ ಮಳೆಗೆ ಸಿಕ್ಕಿದ. ಕುರಿ ಕಾಯುತ್ತಿದ್ದ ಮುದುಕಿಯೊಬ್ಬಳು ಕರೆದು, ತನ್ನ ಕಂಬಳಿ ಬಿಚ್ಚಿ ಅವನಿಗೆ ಹೊದಿಸಿ, ತಾನು ಮಳೆಯಲ್ಲಿ ನಿಂತಳು. ಕ್ಷಣದಲ್ಲಿ ಅವನ ಬೆನ್ನಮೇಲೆ ನೀರು ಹರಿಯಿತು. ಅಷ್ಟರಲ್ಲಿ ಅವಳು ಅವನ ಗುರುತು ಹಿಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ನಾಚಿಕೆಯಿತ್ತು.

“ನೀನೇ ಅಲ್ಲೇನಪ್ಪ ಇದನ್ನ ಕೊಟ್ಟೋನು? ಹನಿ ಬರಲ್ಲ ಅಂದಿದ್ದೆ. ನಂಗೇ ಹೊದೆಯಾಕೆ ಬರಲ್ಲ ಅಂತ ಕಾಣ್ತೈತೆ. ಎಪ್ಪತ್ತು ವರ್ಷದಿಂದ ಕಂಬ್ಳಿ ಹೊದ್ದೋಳು, ಇನ್ನೊಬ್ರನ್ನ ಕೇಳಾಕೂ ನಾಚ್ಕೆ. ಹೆಂಗೆ ಹೊದೀಬೇಕು, ಒಸಿ ತೋರ್ಸಪ್ಪ.”

ಸಂತೆಯನ್ನೇ ಮಾತಿನಲ್ಲಿ ಗೆದ್ದ ಯುವಕ ಈಗ ಕಂಬಳಿ ತೆಗೆದುಕೊಡಲಾರ, ಹೊದ್ದು ನಿಲ್ಲಲಾರ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಮರುಳಸಿದ್ಧನಿಗೆ ಆ ಯುವಕನ ಮೇಲೆ ಸಿಟ್ಟು ಬಂತು.

“ಅವಳು ಬೈದಿದ್ದರೂ ತಡೆದುಕೊಳ್ಳಬಹುದಿತ್ತು ಬುದ್ಧೀ. ಆಮೇಲೆ ಅವನು ಏನು ಮಾಡಿದ?”

“ಅದನ್ನು ನೀನೇ ಹೇಳಬೇಕಪ್ಪ. ನೀನು ಕೊಟ್ಟ ಗ್ರೈಂಡರಿನಲ್ಲಿ ಹಿಟ್ಟು ನುಣ್ಣಗಾಗದ್ದಕ್ಕೆ, ಅಕ್ಕಿ ಹಾಕಲು ತನಗೇ ಬರುವುದಿಲ್ಲವೆಂದುಕೊಂಡು, ನಮ್ಮ ಹಾಲಮ್ಮ ಮೂರು ತಿಂಗಳಿಂದ ಕದ ಮುಚ್ಚಿಕೊಂಡು ಒರಳಿನಲ್ಲಿ ರುಬ್ಬುತ್ತಿದ್ದಾಳೆ.”