ಕೌದಿಗೆ ಒಂದು ತುತ್ತು

ಹೂಂ ಅನ್ನೋರು ಹೂಂ ಅನ್ರಿ, ನಗೋರು ನಗ್ರಿ, ಆದ್ರ ನಡುವ ಮಾತ್ರ ಎದ್ದು ಹೋಗಬ್ಯಾಡ್ರಿ. ಎದ್ದು ಹೋದೋರಿಗೆ ಅರ್ಧಾ ಕತಿ ಸಿಗತೈತಿ. ಅರ್ಧದ ಕಾಟ ಎಂಥಾದ್ದು ಅಂತ ಹೇಳಾಕನ ನಾ ಕುಂತೀನಿ!

ಒಂದೂರಾಗ ನೀಲವ್ವ ಅಂತ ಒಬ್ಬಾಕಿ ಇದ್ಳು. ಕೌದಿ ಹೊಲಿಯೂದು ಆಕಿ ಕಸಬು. ಹಳೇ ಸೀರಿ, ಹಳೇ ಧೋತ್ರ ಪದರಿನ ಮ್ಯಾಲ ಪದರು ಹಾಸಿ, ಸಾಲಾಗಿ ಹೊಲಿಗಿ ಹಾಕಿ, ಹೊದ್ದಕೊಳ್ಳಾಕ ಬೆಚ್ಚಗ ಮಾಡಿ ಕೊಡ್ತಿದ್ಳು. ಆಕಿಗೆ ಒಬ್ಬನ ಮಗ, ಭರಮ್ಯಾ. ಇಪ್ಪತ್ತೈದು ವರ್ಷದ ಗಂಡಸು, ಬಾಗಿಲಕ್ಕ ತಲಿ ಬಡಿಯುವಷ್ಟು ಎತ್ತರ. ಕೆಲಸಕ್ಕ ಎಂದೂ ಒಲ್ಲೆ ಅಂದಾವಲ್ಲ. ಅದ ಆತಲ್ಲ ತೊಂದ್ರಿ! ಏನು ಹೇಳಿದ್ರೂ ಮಾಡ್ತಿದ್ದ. ಹೇಳಿದಷ್ಟ ಮಾಡ್ತಿದ್ದ. ಹೇಳಿದಂಗ ಮಾಡ್ತಿದ್ದ.

"ಯಪ್ಪಾ ದೇವರ, ಇದ್ದೊಬ್ಬ ಮಗನ ತಲಿಯಾಗ ಏನು ತುಂಬಿ ಕಳಿಸಿದ್ಯೋ!" ಅಂತ ನೀಲವ್ವ ದಿನಾ ಹಣಿ ಬಡಕೋತಿದ್ಳು. ಭರಮ್ಯಾ ಆಕಿ ಹಣಿಗೆ ನೋವಾದೀತು ಅಂತ ತನ್ನ ಕೈ ಅಡ್ಡ ಹಿಡೀತಿದ್ದ. ಹಂಗ ನೋಡಿದ್ರ ಮನಸಿನಾಗ ಬಂಗಾರದಂಥಾ ಹುಡುಗ ರೀ.

ಆ ಮನಿ ಮ್ಯಾಲ ದೊಡ್ಡ ಸಾಲ ಇತ್ತು. ನೀಲವ್ವನ ಗಂಡ ಜಡ್ಡು ಬಿದ್ದಾಗ ದವಾಖಾನಿಗಂತ ಚನ್ನಮಲ್ಲಪ್ಪ ಸಾವ್ಕಾರನ ಕಡೆ ಮನಿ ಕಾಗದ ಒತ್ತಿ ಇಟ್ಟು ರೊಕ್ಕ ತಂದಿದ್ಳು. ಗಂಡ ಉಳೀಲಿಲ್ಲ, ಸಾಲ ಉಳೀತು. ಮೂರು ವರ್ಷ ತೀರಿಸಿದ್ಳು, ತೀರಿಸಿದ್ಳು, ಇನ್ನೂ ಒಂಬತ್ತು ಸಾವಿರ ಬಾಕಿ. ಸಾವ್ಕಾರ ಬಂದು ಖಡಕ್ಕಾಗಿ ಹೇಳಿಬಿಟ್ಟ: "ನೀಲವ್ವ, ದೀಪಾವಳಿ ಪಾಡ್ಯದ ದಿನ ನನ್ನ ರೊಕ್ಕ ನನ್ನ ಮನಿ ಮುಟ್ಟಿರಬೇಕು. ಮುಟ್ಟಿತೋ, ನಿನ್ನ ಕಾಗದ ನಿನಗ. ಇಲ್ಲೋ, ಈ ಬಾಗಿಲಕ್ಕ ನನ್ನ ಕೀಲಿ!"

ಅಂದಿನಿಂದ ಅವ್ವ, ಮಗ ಇನ್ನಷ್ಟು ಹೊಟ್ಟಿ ಕಟ್ಟಿದ್ರು. ಚಹಾಕ್ಕ ಹಾಲಿಲ್ಲ. ಸಾರಿಗೆ ಒಗ್ಗರಣಿ ಇಲ್ಲ. ಹಬ್ಬಕ್ಕ ಹೋಳಿಗಿ ಇಲ್ಲ. ಉಳಿದದ್ದನ್ನ ಒಂದು ಗಡಿಗಿಯೊಳಗ ಹಾಕಿ, ಮ್ಯಾಲ ಜೋಳ ಮುಚ್ಚಿ ಇಡಾಕಿ. ದಿನಾ ಸಂಜೀಕ ಗಡಿಗಿ ತೋರಿಸಿ, "ಮಗನ, ಈ ಮನ್ಯಾಗ ಛಲೋದು ಅಂತ ಇರೂದು ಇದೊಂದ ನೋಡು" ಅನ್ನಾಕಿ. "ಹೌದಬೇ, ಇದೊಂದ" ಅಂತ ಭರಮ್ಯಾ ಕೈ ಮುಗೀತಿದ್ದ.

ಒಂದರಾಗ ಮಾತ್ರ ನೀಲವ್ವ ಕೈ ಬಿಗಿ ಹಿಡೀಲಿಲ್ಲ. ಕೌದಿ ಹೊಲಿದು ಮುಗಿತು ಅಂದ್ರ, ಕಡೀ ಮೂಲಿ ಮುಚ್ಚೂಕಿಂತ ಮೊದ್ಲು ಅದರೊಳಗ ಒಂದು ಚೂರು ರೊಟ್ಟಿ ಇಟ್ಟು ಹೊಲೀತಿದ್ಳು. ಅದು ಕೌದಿ ತುತ್ತು. "ನಾವು ಹಸದ್ರ ಹಸೀಲಿ, ಕೌದಿ ಉಪವಾಸ ಹೋಗಬಾರದು. ಹಸದ ಕೌದಿ ಹೊದ್ದೋರಿಗೆ ನಿದ್ದಿ ಹತ್ತೂದಿಲ್ಲ" ಅಂತ ಆಕಿ ಅವ್ವ ಹೇಳಿದ್ದಳಂತ.

ಒಂದಿನ ನೀಲವ್ವ ಅಂದ್ಳು: "ಭರಮ್ಯಾ, ಇನ್ನ ಈ ಮನ್ಯಾಗ ಎಲ್ಲಾ ಅರ್ಧ! ಒಂದು ಹೋಗೋ ಕಡೆ ಅರ್ಧ ಹೋಗಬೇಕು. ತಿಳೀತಾ?"

"ತಿಳೀತಬೇ! ಎಲ್ಲಾ ಅರ್ಧ!"

"ಶಾಣ್ಯಾ! ಈಗ ಈ ಕೌದಿ ಮಾಸ್ತರ ಮನಿಗೆ ಕೊಟ್ಟು ರೊಕ್ಕ ತಗೊಂಡು ಬಾ."

ಹೋದ. ಹೋದ. ಗುಡಿ ಕಟ್ಟಿ ಮ್ಯಾಲ ಕುಂತು, ಕತ್ತರಿ ತಗದು, ಕೌದಿ ನಡುವ ಚರ್ ಅಂತ ಕತ್ತರಿಸಿದ! ಅರ್ಧ ಮಾಸ್ತರ ಹೆಂಡತಿ ಕೈಯಾಗ ಇಟ್ಟ, ಅರ್ಧ ಬಗಲಾಗ ಹಿಡಕೊಂಡು ಮನಿಗೆ ಬಂದ.

"ಯವ್ವಾ! ಅರ್ಧ ಉಳಿಸೇನಿ ನೋಡು!"

"ಅಯ್ಯ ನಿನ್ನ! ತಿಂಗಳ ಪೂರ್ತಿ ಹೊಲಿದ ಕೌದಿಯೋ! ರೊಕ್ಕ ಎಲ್ಲಿ?"

"ಆ ಬಾಯಾರು ಕೊಡಲಿಲ್ಲಬೇ. ಕಾಲು ಮುಚ್ಚಿದ್ರ ಹೆಗಲು ಕಾಣತೈತಿ ಅಂತ ಬೈದ್ರು."

"ಖೋಡಿ! ಹೊಲಿಯೋರ ಮನಿ ಮಗ ಕತ್ತರಿ ಹಿಡೀತಾನೇನೋ? ಸೂಜಿ ಹಿಡಿ! ಅರಿವ್ಯಾಗ ಎಲ್ಲಿ ತೆರೆದದ್ದು ಕಂಡ್ರೂ ಮೊದ್ಲು ಎರಡು ಹೊಲಿಗಿ ಹಾಕು!"

"ಹೂಂನಬೇ! ತೆರೆದದ್ದು ಕಂಡ್ರ ಹೊಲಿಗಿ!"

ಅಂದಿನಿಂದ ದಾರ ಪೋಣಿಸಿದ ಸೂಜಿ ಅವನ ಟೊಪಗಿಯಾಗ ಸಿಗಿಸಿಕೊಂಡ ಇರ್ತಿತ್ತು. ವಾರದಾಗ ಬಸೆಟ್ಟೆಪ್ಪ ಅನ್ನಾವ ಒಂದು ಹೊಸಾ ಅಂಗಿ ತಂದು ಕೊಟ್ಟ. ಊರಾಗ ಎಲ್ಲಾರಿಗಿಂತ ದೊಡ್ಡ ಗಂಟಲದಾವ ಆತ. ಮರುದಿನ ಬೀಗರ ಮನಿಗೆ ಕನ್ಯಾ ನೋಡಾಕ ಹೊಂಟಿದ್ದ. ಬಗಲಾಗ ಸ್ವಲ್ಪ ಬಿಚ್ಚೇತಿ, ಹೊಲಿದು ಕೊಡ್ರಿ ಅಂದ. ನೀಲವ್ವ ನೀರಿಗೆ ಹೋಗಿದ್ಳು. ಭರಮ್ಯಾ ಅಂಗಿ ಹರವಿ ನೋಡಿದ. ಅಬ್ಬಬ್ಬಾ! ಬಗಲಾಗ ತೆರದೈತಿ! ಎಡದ ತೋಳ ತುದಿ ತೆರದೈತಿ! ಬಲದ ತೋಳ ತುದಿ ತೆರದೈತಿ! ಕುತ್ತಿಗಿ ಅಂತೂ ಬಾವಿಯಂಗ ತೆರದೈತಿ! "ಇಷ್ಟು ಹರಕ ಅಂಗಿ ಹಾಕ್ಕೊಂಡು ಕನ್ಯಾ ನೋಡಾಕ ಹೊಂಟಾನ, ಪಾಪ" ಅಂತ ಮರುಗಿ, ಕುಂತು ಎಲ್ಲಾ ಹೊಲಿದ. ಒತ್ತಿ ಒತ್ತಿ ಹೊಲಿದ. ಮಡಚಿ ಕೊಟ್ಟು ಬಂದ.

ಮುಂಜಾನಿ ಬಸೆಟ್ಟೆಪ್ಪ ಗಡಿಬಿಡಿಯಾಗ ಕೆಳಗಿನಿಂದ ಅಂಗಿಯೊಳಗ ತಲಿ ತೂರಿಸಿದ. ತಲಿ ಹೊರಗ ಬರಲಿಲ್ಲ. ಕೈ ತೂರಿಸಿದ, ಕೈ ಬರಲಿಲ್ಲ.

"ಏ ಯಾರರೆ ಬರ್ರೋ! ನನ್ನ ಕಣ್ಣು ಹೋದುವು! ಕೈ ಹೋದುವು!" ಅಂತ ಒಳಗಿಂದನ ಒದರಿ, ಓಡಿ ಹೋಗಿ ಕಂಬಕ್ಕ ಬಡದು ಬಿದ್ದ. ಹಣಿ ಮ್ಯಾಲ ಲಿಂಬಿಹಣ್ಣಿನಷ್ಟು ಬಾವು! ಆ ಬಾವು ಹೊತ್ತಕೊಂಡ ಕನ್ಯಾ ನೋಡಿ ಬಂದ, ಪುಣ್ಯಾತ್ಮ.

"ಲೇ ಹುಚ್ಚಪ್ಪಾ!" ಅಂತ ನೀಲವ್ವ ಭರಮ್ಯಾನ ಬೆನ್ನಿಗೆ ಎರಡು ಬಿಟ್ಟಳು. "ಮಂದಿ ಕೈಯಾಗ ಕೊಡೂಕಿಂತ ಮೊದ್ಲು ನಿನ್ನ ಮೈಮ್ಯಾಲ ಹಾಕ್ಕೊಂಡು ನೋಡಬಾರದೇನೋ!"

"ಇದನ್ನ ಮೊದಲ ಹೇಳಬಾರದೇನಬೇ! ಇನ್ನ ಮ್ಯಾಲ ಹಾಕ್ಕೊಂಡ ನೋಡ್ತೀನಿ!"

ಗಾಣದಾವ ಕರದ. "ಭರಮ್ಯಾ, ಈ ಶೇಂಗಾ ಎಣ್ಣಿ ಡಬ್ಬಿ ಖಾನಾವಳಿಗೆ ಮುಟ್ಟಿಸು, ಇಪ್ಪತ್ತು ರೂಪಾಯಿ ಕೊಡ್ತೀನಿ." ಇನ್ನೇನು ಹೇಳ್ಲಿ! ನೀವ ತಿಳಕೊಂಡ್ರಲ್ಲ! ತಲಿಯಿಂದ ಹಿಮ್ಮಡದ ತನಕ ಎಣ್ಣಿ ತೊಟ್ಟಿಕ್ಕಿಸಿಕೋತ ಮನಿಗೆ ಬಂದ. ಅವನ ಹಿಂದ ನಾಕು ನಾಯಿ ನೆಕ್ಕೋತ ಬಂದುವು.

"ಬರೋಬರಿ ಆತಬೇ! ಎಲ್ಲೂ ಬಿಗಿ ಇಲ್ಲ!"

ಗಾಣದಾವ ಬಂದು ಎಣ್ಣಿ ರೊಕ್ಕ ಕೇಳಿದ. ನೀಲವ್ವ ಗಡಿಗಿಯಿಂದ ತಗದು ಕೊಟ್ಟಳು. ಈ ಸಲ ಆಕಿ ಬಡೀಲಿಲ್ಲ, ಅತ್ಳು. ಅವ್ವ ಅತ್ತದ್ದು ನೋಡಿ ಭರಮ್ಯಾನೂ ಅತ್ತ.

"ನಿನಗ ಕೈ ಮುಗೀತೀನೋ ಮಗನ. ಮಂದೀದು ನಮಗ ಬ್ಯಾಡ. ಯಾರೇನು ನಿನ್ನ ಕೈಯಾಗ ಇಟ್ರೂ ಎರಡೂ ಕೈಲಿ ತಿರುಗಿ ಕೊಟ್ಟು, ಸುಮ್ನ ಮನಿಗೆ ಬಾ."

ಮರುದಿನ ಕಂಪೌಂಡರ್ ಮನಿಯವರು ಕೌದಿ ತಗೊಂಡು ಅವನ ಕೈಯಾಗ ಐದು ನೂರು ಇಟ್ರು. ಭರಮ್ಯಾ ಎರಡೂ ಕೈಲಿ ತಿರುಗಿ ಕೊಟ್ಟ. ಅವರು ಇಟ್ರು, ಇವ ಕೊಟ್ಟ. ಇಟ್ರು, ಕೊಟ್ಟ. ಕಡೀಕ ಅವರಿಗ ಸಿಟ್ಟು ಬಂದು ಬಾಗಿಲಾ ಹಾಕ್ಕೊಂಡ್ರು. ನೀಲವ್ವನ ಹೋಗಿ ತರಬೇಕಾತು. ಅಂದಿನಿಂದ ಆಕಿ ಅವನಿಗೆ ಕೆಲಸ ಹೇಳೂದನ್ನ ಬಿಟ್ಟಳು. ಬೆಳಗಿಂದ ಬೈಗಿನ ತನಕ ಒಬ್ಬಾಕಿನ ಹೊಲಿದ್ಳು. ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ತೂತು ಬಿದ್ದುವು. ದೀಪಾವಳಿ ಬಂತು. ಗಡಿಗಿಯಾಗ ಎಂಟೂವರಿ ಸಾವಿರ ಕೂಡಿತು!

ಅಮಾಸಿ ದಿನ ಇನ್ನೊಂದು ಕೌದಿಯ ಐದು ನೂರೂ ಗಡಿಗಿಗೆ ಬಿತ್ತು. ಒಂಬತ್ತು ಸಾವಿರ! ನೀಲವ್ವ ನೋಟೆಲ್ಲಾ ಒಂದು ಅರಿವಿ ಚೂರಿನಾಗ ಸುತ್ತಿ, ಕಣ್ಣಿಗೆ ಒತ್ತಿಕೊಂಡು ಇಟ್ಟಳು. ಇನ್ನೊಂದು ಕೆಲಸ ಉಳಿದಿತ್ತು. ಸಾವ್ಕಾರನ ಮೊಮ್ಮಗನ ಸಲುವಾಗಿ ಹೇಳಿದ್ದ ಕೌದಿ, ಒಂದು ಮೂಲಿ ಮುಚ್ಚಿದ್ರ ಮುಗೀತು. ಅಷ್ಟರಾಗ ಓಣ್ಯಾಗ ಒಬ್ಬಾಕಿಗೆ ಹೆರಿಗಿ ಬ್ಯಾನಿ ಹತ್ತಿ, "ನೀಲಕ್ಕಾ, ಲಗೂ ಬಾ!" ಅಂತ ಕರಿ ಬಂತು. ಏನು ಮಾಡ್ತಾಳ, ಮಗಗ ಹೇಳಿದ್ಳು:

"ಭರಮ್ಯಾ, ಆ ಮೂಲ್ಯಾಗ ತುತ್ತು ಇಟ್ಟು, ಹೊಲಿದು, ಸಾವ್ಕಾರರ ಮನಿಗೆ ಮುಟ್ಟಿಸಿ ಬಾ. ಮನ್ಯಾಗ ಇದ್ದದ್ರಾಗ ಛಲೋದು ನೋಡಿ ಇಡು. ಜುಗ್ಗತನ ಮಾಡಬ್ಯಾಡ ಮತ್ತ!"

"ಮಾಡೂದಿಲ್ಲಬೇ!"

ಮಾಡಲಿಲ್ಲ.

ಪಾಡ್ಯದ ಮುಂಜಾನಿ ಸಾವ್ಕಾರ ಬಂದ. ಕಂಕುಳಾಗ ಕಾಗದ, ಕೈಯಾಗ ಕೀಲಿ. ಓಣಿ ಮಂದಿ ಎಲ್ಲಾ ಕೂಡಿದ್ರು. ನೀಲವ್ವ ಮೂರು ವರ್ಷದಾಗ ಮೊದಲನೇ ಸಲ ತಲಿ ಎತ್ತಿ ನಡದು ಹೋಗಿ ಗಡಿಗಿಗೆ ಕೈ ಹಾಕಿದ್ಳು. ಜೋಳ. ಒಳಗ ಹಾಕಿದ್ಳು. ಜೋಳ. ಗಡಿಗಿ ಬೋರಲು ಹಾಕಿದ್ಳು. ಜೋಳ, ಬರೇ ಜೋಳ!

"ಭರಮ್ಯಾ! ರೊಕ್ಕ!"

"ಕೌದಿ ಉಂಡೈತಿಬೇ."

ನೀಲವ್ವ ಅಲ್ಲೇ ಕುಸದು ಕುಂತಳು. ಓಣ್ಯಾಗಿನ ಹೆಂಗಸರು ಓಡಿ ಬಂದು ಹಿಡಕೊಂಡ್ರು. ಸಾವ್ಕಾರ ಬಾಗಿಲಾ ಎಳದು ಕೀಲಿ ಎತ್ತಿದ. ಭರಮ್ಯಾ ನಡುವ ನಿಂತು ಹೇಳಿದ: "ಯಾಕ್ರೀ ಸಾವ್ಕಾರ್ರ? ಛಲೋದು ಇಡು ಅಂದ್ಳು, ಛಲೋದು ಇಟ್ಟೆ. ಹೊಲಿ ಅಂದ್ಳು, ಹೊಲಿದೆ. ಹಾಕ್ಕೊಂಡು ನೋಡು ಅಂದಿದ್ಳು, ಹೊದ್ದಕೊಂಡು ನೋಡಿದೆ, ಮೂಲಿ ಸರಸರ ಅಂತಿತ್ತು. ನಿನ್ನೆ ನಿಮ್ಮ ಮನಿಗೆ ಎರಡೂ ಕೈಲಿ ಕೊಟ್ಟು ಬಂದೆ!"

ಸಾವ್ಕಾರ ಆಂ ಅಂತ ಬಾಯಿ ತೆರದ, ತೆರದದ್ದು ತೆರದಂಗ ಉಳೀತು. ಭರಮ್ಯಾ ಟೊಪಗಿಯಿಂದ ಸೂಜಿ ತಗದ. "ಎರಡು ಹೊಲಿಗಿ ಹಾಕ್ಲೇನ್ರೀ?"

ಸಾವ್ಕಾರ ಎರಡೂ ಕೈಲಿ ಬಾಯಿ ಮುಚ್ಕೊಂಡು ಹಿಂದ ಸರದ. ನೀಲವ್ವ ಎದ್ದು ಓಟ ಹಚ್ಚಿದ್ಳು! ಆಕಿ ಹಿಂದ ಸಾವ್ಕಾರ, ಸಾವ್ಕಾರನ ಹಿಂದ ಊರಿಗೆ ಊರ. ಸಾವ್ಕಾರನ ಪಡಸಾಲ್ಯಾಗ ಮೊಮ್ಮಗ ಕೌದಿ ಮ್ಯಾಲ ಕುಂತು, ಮೂಲಿ ಹಿಚುಕಿ ಸರಸರ ಅನಿಸಿ ಕೇಕಿ ಹಾಕಿ ನಗಾಕತ್ತಿತ್ತು. ನೀಲವ್ವ ಹೊಲಿಗಿ ಬಿಚ್ಚಿದ್ಳು. ಬಂತು ನೋಡ್ರಿ ಗಂಟು! ಒಂದು ನೋಟೂ ಕಮ್ಮಿ ಇಲ್ಲ!

ಸಾವ್ಕಾರನ ಮುಖ ಅರಳಿತು. "ತಡೀ ನೀಲವ್ವ! ಕೌದಿ ನಾ ಕೊಂಡದ್ದು. ಒಳಗಿದ್ದದ್ದೂ ನಂದ. ನಿನ್ನ ಸಾಲ ಬ್ಯಾರೆ, ಇದು ಬ್ಯಾರೆ!"

ಆಗ ಹಿಂದಿನಿಂದ ಒಂದು ದೊಡ್ಡ ಗಂಟಲ ಕೇಳಿತು. ಯಾರಂತೀರಿ? ಹಣಿ ಮ್ಯಾಲ ಇನ್ನೂ ಬಾವು ಇದ್ದ ಬಸೆಟ್ಟೆಪ್ಪ!

"ಹೌದಪಾ ಸಾವ್ಕಾರ, ನಿಂದ! ರೊಕ್ಕ ಯಾರದ್ದು ಅಂದಿ? ನಂದು ಅಂದಿ. ಎಲ್ಲಿ ಸಿಕ್ತು? ನಿನ್ನ ಮನ್ಯಾಗ. ಯಾರು ತಂದು ಕೊಟ್ರು? ನೀಲವ್ವನ ಮಗ. ಯಾವಾಗ? ಪಾಡ್ಯಕ್ಕ ಒಂದಿನ ಮೊದ್ಲ! ಪಾಡ್ಯಕ್ಕ ನನ್ನ ರೊಕ್ಕ ನನ್ನ ಮನಿ ಮುಟ್ಟಿರಬೇಕು ಅಂತ ನೀನ ಹೇಳಿದ್ದಿ. ಮುಟ್ಟಿತಲ್ಲ! ಕಾಗದ ಕೊಡು!"

"ಕೊಡು! ಕೊಡು!" ಅಂತ ಊರಿಗೆ ಊರ ಒದರಿತು. ಸಾವ್ಕಾರ ಆ ಮುಖ ನೋಡಿದ, ಈ ಮುಖ ನೋಡಿದ, ಕಡೀಕ ರೊಕ್ಕ ಇಟ್ಟಕೊಂಡು ಕಾಗದ ತಗದು ಕೊಟ್ಟ. ನೀಲವ್ವಗ ಹರುಷಕ್ಕ ಕಣ್ಣು ಕಾಣಲಿಲ್ಲ. "ಹಿಡೀ ಮಗನ, ಜ್ವಾಕಿ!" ಅಂತ ಕಾಗದ ಭರಮ್ಯಾನ ಕೈಯಾಗ ಇಟ್ಟು, ಬಂದೋರಿಗೆಲ್ಲಾ ಕೈ ಮುಗಿದು, ನಕ್ಕೋತ, ಅಳಕೋತ ಮನಿಗೆ ಓಡಿದ್ಳು. ಬಾಜೂಕಿನ ಮನಿಯಿಂದ ಕಡ್ಲಿಬ್ಯಾಳಿ, ಬೆಲ್ಲ ತಂದು ಒಲಿ ಹಚ್ಚಿದ್ಳು. ಮೂರು ವರ್ಷದ ಮ್ಯಾಲ ಆ ಮನ್ಯಾಗ ಹೋಳಿಗಿ ವಾಸನಿ!

ಮೊದಲನೇ ಹೋಳಿಗಿ ಹಂಚಿನ ಮ್ಯಾಲ ಉಬ್ಬಿತು. ಭರಮ್ಯಾ ಬಂದ.

"ಬಾ ನನ್ನ ಬಂಗಾರ! ಇವತ್ತ ಅರ್ಧ ಇಲ್ಲ. ಇಡೀ ತಿನ್ನು! ಮೊದ್ಲು ಕಾಗದ ದೇವರ ಮುಂದ ಇಡು."

"ಕಾಗದ ಇಲ್ಲಬೇ."

"ಎಲ್ಲೋ?"

"ನೀ ಕೌದಿ ಬಾಯಾಗಿನ ತುತ್ತು ಕಸ್ಕೊಂಡು ಬಂದುಬಿಟ್ಟಿ! ಪಾಪ, ಅದು ಉಪವಾಸ ಇತ್ತು. ಮನ್ಯಾಗ ಛಲೋದು ಅಂದ್ರ ಈಗ ಅದೊಂದ ಕಾಗದ ಅಲ್ಲೇನು? ಒಳಗಿಟ್ಟು ಹೊಲಿದೆ. ಒತ್ತಿ ಒತ್ತಿ ಹೊಲಿದೆ."

ನೀಲವ್ವ ಭರಮ್ಯಾನ ಮುಖ ನೋಡಿದ್ಳು, ಹಂಚು ನೋಡಿದ್ಳು. ಬಿಸಿ ಬಿಸಿ ಹೋಳಿಗಿ ಸೆರಗಿನಾಗ ಹಿಡಕೊಂಡು, ಸೀರಿ ಎತ್ತಿ ಕಟ್ಟಿ, ಸಾವ್ಕಾರನ ಮನಿ ದಾರಿ ಹಿಡದು ಓಡಿದ್ಳು. ಕಾಗದ ಹೊರಗ ತಗೀಬೇಕಾದ್ರ ಒಳಗೊಂದು ತುತ್ತು ಇಡಬೇಕಲ್ರಿ!

ಭರಮ್ಯಾ ಬಾಗಿಲದಾಗ ನಿಂತು, ಕೈ ಎತ್ತಿ, ಗಂಟಲ ಹರಿಯೂಹಂಗ ಕೂಗಿದ:

"ಯವ್ವಾ! ಅರ್ಧಬೇ! ಅದಕ್ಕ ಅರ್ಧಾ ಸಾಕು!"