ಮೊಳದ ಮಾತು, ಗೇಣಿನ ತೂಬು

"ಕೇಳಿರಪ್ಪಾ ಕೇಳಿರಿ. ಮಾರರಸರ ಮಗಳು ಲಕುಮಬ್ಬೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ನಾಡಿನ ತೂಬುಗಳ ಅಧಿಕಾರ, ಮೇಲೆ ಬೇಡಿದ ಒಂದು ವರ. ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ," ಎಂದು ಊರೂರಲ್ಲಿ ಡಂಗುರ ಸಾರಿದರು.

ಒಗಟಿಗೆ ತಲೆಯನ್ನೇಕೆ ಒತ್ತೆಯಿಡಬೇಕು ಎಂದು ನೀವು ಕೇಳಬಹುದು. ಕಾರಣವಿತ್ತು. ಆ ನಾಡಿನ ನಲವತ್ತು ಕೆರೆಗಳ ತೂಬುಗಳನ್ನು, ಅಂದರೆ ನೀರು ಬಿಡುವ ಬಾಗಿಲುಗಳನ್ನು, ಯಂತ್ರಗಳು ಎತ್ತುತ್ತಿದ್ದವು. ಅಷ್ಟೂ ಯಂತ್ರಗಳಿಗೆ ಬುದ್ಧಿ ಹೇಳುತ್ತಿದ್ದುದು ಸಿಂಗಾಚಾರಿ ಎಂಬಾತ ಬರೆದಿಟ್ಟುಹೋದ ಒಂದೇ ಒಂದು ಪ್ರೋಗ್ರಾಂ. ಅದು ಎರಡು ಎಂದರೆ ತೂಬು ಎರಡು ಮೊಳ ಏಳುತ್ತಿತ್ತು. ಆಚಾರಿ ತೀರಿಕೊಂಡ ಮೇಲೆ ಹೊಸ ಕಾಲುವೆಗೆಂದು ಪರದೇಶದಿಂದ ಹನ್ನೆರಡು ಹೊಸ ತೂಬುಗಳು ಬಂದವು. ಅವಕ್ಕೆ ಮೊಳ ಗೊತ್ತಿಲ್ಲ, ಗೇಣು ಮಾತ್ರ ಗೊತ್ತು. ಮೊಳಕ್ಕೆ ಎರಡು ಗೇಣಲ್ಲವೆ? ಎರಡು ಎಂದಾಗ ಎರಡೇ ಗೇಣು ಎದ್ದು ನೀರು ಕಾಲುವೆಯ ಅರ್ಧಕ್ಕೇ ಬತ್ತಿತು.

ಮಂತ್ರಿ ತಿಪ್ಪರಸ ತಾನು ಬಲ್ಲೆನೆಂದು ಪ್ರೋಗ್ರಾಮಿನ ಒಳಗೇ ಕೈಹಾಕಿ ಲೆಕ್ಕವನ್ನು ದುಪ್ಪಟ್ಟು ಮಾಡಿದ. ಹೊಸ ತೂಬುಗಳು ಸರಿಹೋದವು. ಹಳೆಯ ನಲವತ್ತೂ ದುಪ್ಪಟ್ಟು ಎದ್ದು ಮೂರು ಊರಿನ ಗದ್ದೆ ಕೊಚ್ಚಿಹೋಯಿತು. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದ ಹಾಗಾಯಿತು. ಆಚಾರಿಯ ಬಳಿ ಕಲಿತಿದ್ದ ಲಕುಮಬ್ಬೆ ಎಲ್ಲವನ್ನೂ ಮೊದಲಿನಂತೆ ಮಾಡಿ, ತಿಳಿಯದವರ ಕೈ ಇನ್ನು ಅದಕ್ಕೆ ತಾಗಬಾರದೆಂದು ಈ ಒಗಟು ಹೂಡಿದಳು.

ಮೊದಲು ಬಂದವನು ನೆರೆರಾಜ್ಯದ ರಾಜಕುಮಾರ. ರಾಜಕುಮಾರಿಯನ್ನೇ ವರವಾಗಿ ಬೇಡುವುದು ಅವನ ಎಣಿಕೆ.

"ಒಬ್ಬ ನಲವತ್ತು ಮನೆಗೆ ದುಡಿಯುತ್ತಾನೆ. ಹೊಸ ನೆಂಟನಿಗಾಗಿ ಅವನ ಹೊಟ್ಟೆ ಬಗೆದರೆ ನಲವತ್ತು ಮನೆಯೂ ಹಾಳು. ಅವನು ಯಾರು?" ಎಂದಳು ಲಕುಮಬ್ಬೆ.

"ನಿಮ್ಮ ತಂದೆ ಮಹಾರಾಜರು," ಎಂದ ರಾಜಕುಮಾರ. ಮಾರರಸನಿಗೆ ಸಂತೋಷವಾಯಿತು, ಮಗಳಿಗೆ ಆಗಲಿಲ್ಲ. ರಾಜಕುಮಾರನ ಕೈಕಟ್ಟಿ ಮೂಲೆಯಲ್ಲಿ ನಿಲ್ಲಿಸಿದರು. ಪಂಡಿತನೊಬ್ಬ ಬಂದು ಸೂರ್ಯನೆಂದ. "ಸೂರ್ಯನ ಹೊಟ್ಟೆ ಬಗೆದವರನ್ನು ತೋರಿಸಿ," ಎಂದಳು. ಸಾಹುಕಾರನೊಬ್ಬ ಗಾಣದ ಎತ್ತು ಎಂದ. ಅವನೂ ಮೂಲೆ ಸೇರಿದ. ಸಂಜೆಗೆ ಮೂವರ ತಲೆಯೂ ಹೋಗುವುದಿತ್ತು.

ನಾಲ್ಕನೆಯವನಾಗಿ ಬಂದವನು ಕೊನೆಹಳ್ಳಿಯ ನೀರುಗಂಟಿ ದ್ಯಾಮಣ್ಣ. ಊರಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಕೆಸರುಗಾಲಲ್ಲೇ ಬಂದಿದ್ದ.

"ತಪ್ಪಿದರೆ ತಲೆ ಹೋಗುತ್ತದೆ, ಗೊತ್ತೆ?" ಎಂದ ಅರಸ.

"ಗೊತ್ತು ಬುದ್ಧಿ. ಹೊಸ ಕಾಲುವೆ ಕೊನೇಲಿ ನಮ್ಮೂರು. ಕೆರೆ ತುಂಬೈತೆ, ನೀರು ಮಾತ್ರ ಬರಾಕಿಲ್ಲ. ಸಸಿಮಡಿ ಇನ್ನು ನಾಕು ದಿನ ತಡೆಯಾಕಿಲ್ಲ." ಹೆದರಿಕೆ ಅವನಿಗೂ ಇತ್ತು, ಬಚ್ಚಿಡಲಿಲ್ಲ.

ಲಕುಮಬ್ಬೆ ಮೊದಲ ಒಗಟು ಕೇಳಿದಳು. ದ್ಯಾಮಣ್ಣ ತಡಮಾಡಲಿಲ್ಲ. "ಆಚಾರಪ್ಪೋರು ಬರೆದ ಪ್ರೋಗ್ರಾಂ ಕಣವ್ವ. ಕೊನೆ ಗದ್ದೆಗೆ ನೀರು ಸಾಲ್ದು ಅಂತ ಯಾರಾದ್ರೂ ಕೆರೆ ಏರಿ ಒಡೀತಾರಾ? ನಲವತ್ತು ಕಡೆ ನಂಬಿಕೊಂಡಿರೋದನ್ನ ಒಳಗಿಂದ ಕೆಡಿಸಬಾರ್ದು."

ಮಂತ್ರಿ ನೆಲ ನೋಡಿದ.

"ತಾಯಿ ಬಲ್ಲದ್ದೆಲ್ಲ ಮಗಳಿಗೆ ಹುಟ್ಟುತ್ತಲೇ ಬಂತು. ಮಗಳು ಒಂದೇ ಒಂದು ಕೆಲಸವನ್ನು ತನ್ನ ರೀತಿಯಲ್ಲಿ ಮಾಡಿದಳು. ತಾಯಿಯ ಮನೆಯಲ್ಲಿ ಕಡ್ಡಿಯೂ ಅಲ್ಲಾಡಲಿಲ್ಲ. ಮಗಳು ಯಾರು?" ಎಂದು ಲಕುಮಬ್ಬೆ ಎರಡನೆಯದನ್ನು ಕೇಳಿದಳು.

ದ್ಯಾಮಣ್ಣ ಕೂತು ನೆಲದ ಮೇಲೆ ಬೆರಳಲ್ಲಿ ಗೀಟು ಎಳೆದ, ಅಳಿಸಿದ, ಮತ್ತೆ ಎಳೆದ. ಮೂಲೆಯಲ್ಲಿದ್ದ ಸಾಹುಕಾರ, ಇವನೂ ನಮ್ಮ ಪಕ್ಕಕ್ಕೇ ಎಂದು ಜಾಗ ಬಿಟ್ಟು ನಿಂತ.

"ಹಳೇದನ್ನ ತಾಯಿ ಮಾಡ್ಕೊಂಡು ಬರೆದ ಹೊಸ ಪ್ರೋಗ್ರಾಂ," ಎಂದ ದ್ಯಾಮಣ್ಣ ಕೊನೆಗೆ. "ತೂಬಿನ ಯಂತ್ರದ ಪಕ್ಕ ಕೂತು ಕೂತು ಆಚಾರಪ್ಪೋರ ಬರವಣಿಗೆ ಓದೋದು ಕಲ್ತೆ. ಎಲ್ಲಾ ಮತ್ತೆ ಬರೀಬೇಕಾಗಿಲ್ಲ. ಬೇರೆ ಬೇಕಾದ್ದು ಒಂದನ್ನ ಮಗಳಲ್ಲಿ ಬರೆದ್ರೆ, ಮಿಕ್ಕಿದ್ದು ತಾಯಿದೇ ನಡೀತದೆ."

ಲಕುಮಬ್ಬೆ ಕುಳಿತಲ್ಲಿಂದ ಎದ್ದಳು. "ಅದು ತೂಬು ಎತ್ತುವುದಿಲ್ಲ, ನೀರು ಅಳೆಯುವುದಿಲ್ಲ. ಇಬ್ಬರ ನಡುವೆ ನಿಂತಿರುತ್ತದೆ, ಅಷ್ಟೆ. ಅದಿಲ್ಲದಿದ್ದರೆ ಬಲವುಳ್ಳವನು ಕೈಕಟ್ಟಿ ಕೂರುತ್ತಾನೆ, ಬುದ್ಧಿಯುಳ್ಳವನ ಮಾತು ಗಾಳಿಗೆ ಹೋಗುತ್ತದೆ. ಏನದು?"

ದ್ಯಾಮಣ್ಣ ನಕ್ಕುಬಿಟ್ಟ. "ಅದು ನನ್ನ ಕೆಲಸಾನೇ ಅಲ್ವೇನವ್ವ. ಮೇಲೂರೋರು ಮೊಳದಾಗೆ ನೀರು ಕೇಳ್ತಾರೆ, ಕೆಳಗಿನೋರು ಗೇಣಿನಾಗೆ. ಎರಡೂ ಗೀಟು ಹಾಕಿದ ಕೋಲು ಹಿಡ್ಕೊಂಡು ನಡುವೆ ನಿಲ್ತೀನಿ. ಇಬ್ಬರೂ ಅವರವರ ಮಾತು ಬಿಡಬೇಕಾಗಿಲ್ಲ. ಹಂಗೇ ಒಂದು ದುಬಾಷಿ ಪ್ರೋಗ್ರಾಂ ನಡುವೆ ಇಡಿ. ಹಳೇದು ಎರಡು ಮೊಳ ಅಂದ್ರೆ, ದುಬಾಷಿ ಹೊಸ ತೂಬಿಗೆ ನಾಕು ಗೇಣು ಅನ್ನಲಿ. ಆಚಾರಪ್ಪೋರದ್ದನ್ನೂ ಮುಟ್ಟೋದು ಬೇಡ, ತೂಬನ್ನೂ ಮುಟ್ಟೋದು ಬೇಡ."

"ಬರೆದು ತೋರಿಸು," ಎಂದಳು.

ಏಳು ಸಾಲು ಬರೆದ. ಹಳೆಯ ಪ್ರೋಗ್ರಾಂ ಎರಡು ಎಂದೊಡನೆ ಊರಬಾಗಿಲ ಹೊಸ ತೂಬು ಸರಿಯಾಗಿ ನಾಲ್ಕು ಗೇಣು ಎದ್ದಿತು. ಹಳೆಯ ತೂಬುಗಳು ಎಂದಿನಂತೆ ಎರಡೇ ಮೊಳ ಎದ್ದವು.

"ವರ ಕೇಳು," ಎಂದ ಅರಸ.

"ಆ ಮೂವರನ್ನ ಬಿಟ್ಬಿಡಿ ಬುದ್ಧಿ. ಗೊತ್ತಿಲ್ಲದ್ದಕ್ಕೆ ತಲೆ ತೆಗೆದ್ರೆ ಕಲಿಯಾಕೆ ಯಾರು ಉಳೀತಾರೆ?"

ಲಕುಮಬ್ಬೆಯ ಕಣ್ಣು ತುಂಬಿತು. "ಗುರುಗಳು ಹೋದ ಮೇಲೆ ಬಂದವರೆಲ್ಲ ಅವರು ಬರೆದದ್ದನ್ನು ಒಡೆಯುವುದಕ್ಕೇ ಬಂದರು. ಆ ಸಿಟ್ಟು ನನ್ನ ಕೈಯಲ್ಲಿ ಕತ್ತಿ ಹಿಡಿಸಿತು. ತಪ್ಪು ನನ್ನದೂ ಇದೆ," ಎಂದು ತಾನೇ ಹೋಗಿ ಮೂವರ ಕಟ್ಟು ಬಿಚ್ಚಿದಳು. ಆಮೇಲೆ ಅವರನ್ನು ತೂಬುಗಳ ಅಧಿಕಾರಿಯಾದ ದ್ಯಾಮಣ್ಣನ ಕೈಕೆಳಗೆ ಕಲಿಯಲು ಹಾಕಿದಳು. ರಾಜಕುಮಾರನಿಗೆ ಮೊದಲ ದಿನವೇ ಕೆಸರಲ್ಲಿ ಚಪ್ಪಲಿ ಹೋಯಿತಂತೆ.

ಮೂರನೆಯ ದಿನ ಕೊನೆಹಳ್ಳಿಯ ಸಸಿಮಡಿಗೆ ನೀರು ಮುಟ್ಟಿತು, ಹೆಂಗಸರು ಸೀರೆ ಎತ್ತಿಕಟ್ಟಿ ನಾಟಿಗೆ ಇಳಿದರು. ಅವರ ಗದ್ದೆ ತುಂಬಿತು, ನಮ್ಮ ಕತೆ ಮುಗಿಯಿತು.